ನಿಮಗಿದು ಗೊತ್ತೆ? ಬೇರೆಯವರ ಹಾಡಿನಿಂದ ಬೆಳೆದ ಬ್ಯಾಂಡ್‌ಗಳು

● ಬೇರೆಯವರ ಹಾಡನ್ನು ನುಡಿಸುವುದಕ್ಕೆ ರಾಕ್ ಲೋಕದಲ್ಲಿ ‘ಕವರ್’ ಎನ್ನುತ್ತಾರೆ. ಬೀಟಲ್ಸ್ ತಂಡ ಪಳಗಿದ್ದೂ ಹೀಗೆಯೇ. 1960ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ಆನೆಯ ಫಲಕವಿದ್ದ ‘ಇಂದ್ರಾ’ ಕ್ಲಬ್‌ನಲ್ಲಿ ಆ ಹುಡುಗರು 48 ರಾತ್ರಿ ನುಡಿಸಿದರು. ವಾರದ ದಿನಗಳಲ್ಲಿ ನಾಲ್ಕೂವರೆ ತಾಸು, ಶನಿವಾರ ಆರು ತಾಸು!

● 1963ರಲ್ಲಿ ಬಂದ ಬೀಟಲ್ಸ್‌ನ ಮೊದಲ ಆಲ್ಬಮ್‌ನ 14 ಹಾಡುಗಳಲ್ಲಿ 6 ಬೇರೆಯವರವು.

● ಭಾರತದಲ್ಲಿ 1970ರ ದಶಕದಲ್ಲಿ ಹೆಸರು ಮಾಡಿದ ‘ಹ್ಯೂಮನ್ ಬಾಂಡೇಜ್’ ರಾಕ್ ತಂಡದ ಡ್ರಮ್ಮರ್ ರಮೇಶ್ ಶೋತಮ್ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನಲ್ಲಿ ತವಿಲ್ ಕಲಿತರು. ನಂತರ ಜರ್ಮನಿಯಲ್ಲಿ ನೆಲೆಸಿದರು.

● ಬೆಂಗಳೂರಿನ ರೆಸ್ಟ್ ಹೌಸ್ ರಸ್ತೆಯಲ್ಲಿ ರಾಕ್ ಪ್ರಿಯರ ಅಡ್ಡಾ ‘ಪೆಕೋಸ್’ ಪಬ್ ಶುರುವಾದದ್ದು 1989ರಲ್ಲಿ. 1996ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ತಂಡ ಕವರ್‌ಗಳಿಂದಲ್ಲ, ಸ್ವಂತ ಹಾಡುಗಳಿಂದಲೇ ಗುರುತಿಸಿಕೊಂಡಿತು.

● ಪಬ್‌ನಲ್ಲಿ ಲೈವ್ ಬ್ಯಾಂಡ್ ನಡೆಸಲು ಬೆಂಗಳೂರಿನಲ್ಲಿ ಪೊಲೀಸ್ ಪರವಾನಗಿ ಕಡ್ಡಾಯ. ಈ ಕುರಿತ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು.

● ಹಾಡು ಮೊದಲು ಧ್ವನಿಮುದ್ರಣವಾದ ವರ್ಷದ ನಂತರ ಐದು ವರ್ಷ ಕಳೆಯದೆ, ಹಕ್ಕುದಾರರ ಒಪ್ಪಿಗೆ ಇಲ್ಲದೆ ಅದರ ಕವರ್ ಧ್ವನಿಮುದ್ರಿಕೆ ತರಲು ಭಾರತದ ಕಾಯ್ದೆ ಬಿಡುವುದಿಲ್ಲ. ರಾಯಲ್ಟಿಯನ್ನೂ ಮುಂಗಡ ಕಟ್ಟಬೇಕು.

● ಪಬ್‌ನಲ್ಲಿ ಹಾಡಿದರೆ ಹಕ್ಕುದಾರರಿಗೆ ಶುಲ್ಕ ಸಲ್ಲಬೇಕು. ಮದುವೆ, ಮದುವೆ ಮೆರವಣಿಗೆಯಲ್ಲಿ ಹಾಡಿದರೆ ಕೃತಿಸ್ವಾಮ್ಯ ಕಾಯ್ದೆಯ ವಿನಾಯಿತಿ ಇದೆ!