ಚೌಕಟ್ಟಿನ ಪುಟಗಳು: ಧಾರಣೆ ನೋಡುವವರಿಗೆ ಕೆಲವು ಎಚ್ಚರಿಕೆ



ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗ ಕಬ್ಬು, ಗೋವಿನಜೋಳದ ಸೀಮೆ. ಇಲ್ಲಿ ಅಡಿಕೆ ಹಾಕಿದ ನಮ್ಮಂಥ ಕೆಲವರಿಗೆ ಶಿರಸಿ, ಶಿವಮೊಗ್ಗದ ಧಾರಣೆ ದೂರದ ಮಾತು. ಆದ್ದರಿಂದ ಸಂಘಕ್ಕೆ ಕಂಪ್ಯೂಟರ್ ಬಂದಾಗ ನಾವು ಮೊದಲು ಹುಡುಕಿದ್ದೇ ಪೇಟೆ ಧಾರಣೆಯ ಜಾಲತಾಣವನ್ನು.

ಇದು ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಸಂಗತಿ. ಪುಟದ ಎಡಕ್ಕೆ ಪೇಟೆಗಳ ಪಟ್ಟಿ, ಬಲಕ್ಕೆ ಧಾರಣೆಯ ಕೋಷ್ಟಕ. ಶಿರಸಿಯ ಹೆಸರು ಒತ್ತಿ, ಬಂದ ಪುಟವನ್ನು ಬುಕ್‌ಮಾರ್ಕ್ ಮಾಡಿಟ್ಟೆವು. ಮರುವಾರ ಅದನ್ನೇ ತೆರೆದಾಗ ಬಲಕ್ಕೆ ಬಂದದ್ದು ಶಿರಸಿಯಲ್ಲ, ಪಟ್ಟಿಯ ಮೊದಲ ಪೇಟೆ. ಹೆಸರು ನೋಡದೆ ಆ ಅಂಕಿಯನ್ನೇ ಕಚೇರಿಯ ಹಲಗೆಯ ಮೇಲೆ ಬರೆದೆವು. ಅದನ್ನು ನಂಬಿ ಸದಸ್ಯರೊಬ್ಬರು ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಕಡಿಮೆ ಬೆಲೆಗೆ ಚಾಲಿ ಕೊಟ್ಟುಬಿಟ್ಟರು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ತಪ್ಪು ನಮ್ಮದೇ.

ಇಂಥವಕ್ಕೆ ಫ್ರೇಮ್ ಅಥವಾ ಚೌಕಟ್ಟಿನ ಪುಟ ಎನ್ನುತ್ತಾರೆ. ತೋಟಕ್ಕೆ ಒಂದೇ ಬಾಗಿಲು, ಒಳಗೆ ಎರಡು ಮೂರು ತಾಕು ಇದ್ದ ಹಾಗೆ. ಮೇಲೆ ಕಾಣುವ ವಿಳಾಸ ಬಾಗಿಲಿನದು, ನಾವು ನಿಂತ ತಾಕಿನದಲ್ಲ. ಬುಕ್‌ಮಾರ್ಕ್ ಮಾಡಿದರೆ ಮತ್ತೆ ಬಾಗಿಲಿಗೇ ಬರುತ್ತೇವೆ.

1996ರಲ್ಲಿ ಬಂದ ನೆಟ್‌ಸ್ಕೇಪ್ 2.0 ಚೌಕಟ್ಟುಗಳನ್ನು ತಂದಿತು. ಅದರಲ್ಲಿ ಹಿಂದಕ್ಕೆ ಹೋಗುವ ಗುಂಡಿ ಒತ್ತಿದರೆ ತೋಟದಿಂದಲೇ ಹೊರಗೆ ಬೀಳಬೇಕಾಗುತ್ತಿತ್ತು, 3.0ರಲ್ಲಿ ಇದು ಸರಿಹೋಯಿತು. 1997ರ ಎಚ್‌ಟಿಎಂಎಲ್ 4.0 ಚೌಕಟ್ಟುಗಳಿಗೆ ಮನ್ನಣೆ ಕೊಟ್ಟಿತು, 2014ರ ಎಚ್‌ಟಿಎಂಎಲ್ 5 ಅವನ್ನು ಕೈಬಿಟ್ಟಿತು. ಆದರೂ ಹಳೆಯ ಪುಟಗಳು ಅಲ್ಲಲ್ಲಿ ಉಳಿದಿವೆ, ಇಂದಿನ ಬ್ರೌಸರುಗಳೂ ಅವನ್ನು ತೋರಿಸುತ್ತವೆ. ಅಂಥ ಪುಟ ಎದುರಾದಾಗ ಹೀಗೆ ಮಾಡುವುದು ಒಳ್ಳೆಯದು:

1. ಫೈರ್‌ಫಾಕ್ಸ್‌ನಲ್ಲಿ ಬೇಕಾದ ಭಾಗದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಆ ಚೌಕಟ್ಟನ್ನಷ್ಟೇ ಹೊಸ ಟ್ಯಾಬಿನಲ್ಲಿ ತೆರೆಯಿರಿ. ಆಗ ಸಿಗುವ ವಿಳಾಸ ಆ ತಾಕಿನದು. ಅದನ್ನು ಬುಕ್‌ಮಾರ್ಕ್ ಮಾಡಿ.

2. ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಪ್ರಿಂಟ್ ತೆಗೆಯುವ ಮೊದಲು ಕೋಷ್ಟಕದ ಮೇಲೆ ಒಮ್ಮೆ ಒತ್ತಿ, ಆರಿಸಿದ ಚೌಕಟ್ಟು ಮಾತ್ರ ಎಂಬುದನ್ನು ಆಯ್ದುಕೊಳ್ಳಿ. ಇಲ್ಲವಾದರೆ ಎಡಗಡೆಯ ಪಟ್ಟಿಯಷ್ಟೇ ಅಚ್ಚಾಗಿ ಕಾಗದ ದಂಡವಾದೀತು.

3. ಹಿಂದಕ್ಕೆ ಒತ್ತಿದಾಗ ಒಂದು ಭಾಗ ಮಾತ್ರ ಬದಲಾದರೆ ಗಾಬರಿ ಬೇಡ. ಹೆಜ್ಜೆ ಹೆಜ್ಜೆಯಾಗಿ ಬನ್ನಿ.

4. ಮೂಡಲಗಿ ಗೋಕಾಕದಿಂದ ಬೇರೆಯಾದ ತಾಲೂಕು. ಹಳೆಯ ಪಟ್ಟಿಯಲ್ಲಿ ಆ ಹೆಸರು ಕಾಣದಿದ್ದರೆ ಗೋಕಾಕದ ಕೆಳಗೆ ನೋಡಿ.

5. ವಿಂಡೋಸ್ 10ರಲ್ಲಿ ಎಕ್ಸ್‌ಪ್ಲೋರರಿಗೆ ಕಂಪನಿಯ ಬೆಂಬಲ 2022ರ ಜೂನ್ 15ಕ್ಕೆ ಮುಗಿದಿದೆ. ಅದರಲ್ಲಿ ಧಾರಣೆ ನೋಡಿದರೂ ಬ್ಯಾಂಕಿನ ವ್ಯವಹಾರ ಮಾಡಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಅಂಕಿ ನೋಡುವ ಮುನ್ನ ಪೇಟೆಯ ಹೆಸರು ಮತ್ತು ತಾರೀಖು ಓದಿ. ಸಂಘದ ಹಲಗೆಯ ಮೇಲೆ ನಾವೀಗ ಈ ಮೂರನ್ನೂ ಬರೆಯುತ್ತೇವೆ. ಒಂದು ಬಿಟ್ಟಿದ್ದರೂ ಸದಸ್ಯರು ಒಳಗೆ ಬಂದು ನಮ್ಮನ್ನು ಕೇಳಬೇಕು.