ಹತ್ತು ಗಂಟೆಯ ದಿನ ತೋರಿಸಿದ ಡಯಲುಗಳು

ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1793ರ ನವೆಂಬರ್ 24ರ ಶಾಸನದ ಮೂಲಕ, ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗಿನ ದಿನವನ್ನು 10 ಗಂಟೆಗಳಾಗಿಯೂ, ಗಂಟೆಯನ್ನು 100 ನಿಮಿಷಗಳಾಗಿಯೂ, ನಿಮಿಷವನ್ನು 100 ಸೆಕೆಂಡುಗಳಾಗಿಯೂ ವಿಭಾಗಿಸಲಾಯಿತು. ಈ ದಶಮಾನ ಲೆಕ್ಕದಲ್ಲಿ ನಡುಹಗಲೆಂದರೆ 5 ಗಂಟೆ; ಒಂದು ಗಂಟೆಯ ಅವಧಿ ಈಗಿನ 144 ನಿಮಿಷ, ಅಂದರೆ ದಿನಕ್ಕೆ 60 ಗಳಿಗೆ ಎಣಿಸುವ ಪಂಚಾಂಗದ ಪ್ರಕಾರ ಸರಿಯಾಗಿ 6 ಗಳಿಗೆ. ಸರ್ಕಾರಿ ದಾಖಲೆಗಳಲ್ಲಿ 1794ರ ಸೆಪ್ಟೆಂಬರ್ 22ರಿಂದ ಕಡ್ಡಾಯವಾದ ಈ ಪದ್ಧತಿಯನ್ನು 1795ರ ಏಪ್ರಿಲ್ 7ರಂದು ಅಮಾನತಿನಲ್ಲಿಟ್ಟಿದ್ದರಿಂದ, ಅದಕ್ಕಾಗಿ ತಯಾರಾದ ಡಯಲುಗಳು ಇಂದು ಅಪರೂಪವಾಗಿವೆ. ಪ್ಯಾರಿಸಿನ ಕಾರ್ನವಾಲೆ ವಸ್ತುಸಂಗ್ರಹಾಲಯದಲ್ಲಿ ಇಂಥ ಗಡಿಯಾರಗಳನ್ನು ಕಾಣಬಹುದು.

ಡಯಲಿನ ಮೇಲೆ 10 ಅಂಕಿಗಳಿದ್ದ ಮಾತ್ರಕ್ಕೆ ಇಡೀ ಗಡಿಯಾರ ಆ ಕಾಲದ್ದೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಶುದ್ಧ ದಶಮಾನ ಗಡಿಯಾರದಲ್ಲಿ ನಿಮಿಷದ ಮುಳ್ಳು 10 ಸುತ್ತು ತಿರುಗಿದಾಗ ಗಂಟೆಯ ಮುಳ್ಳು ಒಂದು ಸುತ್ತು ಮುಗಿಸಬೇಕು. ಅದಕ್ಕೆ 12 ಸುತ್ತು ಬೇಕಾದರೆ ಡಯಲನ್ನು ಬೇರೊಂದು ಯಂತ್ರಕ್ಕೆ ಜೋಡಿಸಲಾಗಿದೆ, ಇಲ್ಲವೇ ಡಯಲಿನ ಹಿಂದಿನ ಹಲ್ಲುಚಕ್ರಗಳನ್ನು ಆಮೇಲೆ ಬದಲಿಸಲಾಗಿದೆ ಎಂದರ್ಥ. ಆದರೆ 10 ಮತ್ತು 24 ಗಂಟೆಗಳನ್ನು ಒಟ್ಟಿಗೆ ತೋರಿಸುವ ಡಯಲುಗಳೂ ಇರುವುದರಿಂದ, ಮೊದಲು ಅಂಕಿಗಳ ಎಲ್ಲ ವರ್ತುಲಗಳನ್ನೂ ಓದಿಕೊಳ್ಳಬೇಕು. ಮುಳ್ಳನ್ನು ಮುಂದಕ್ಕೆ ಮಾತ್ರ ತಿರುಗಿಸಬೇಕು. ಗಂಟೆ ಬಡಿಯುವ ಗಡಿಯಾರವಾದರೆ ಪ್ರತಿ ಬಡಿತವೂ ಮುಗಿಯುವ ತನಕ ತಡೆಯಬೇಕು.

ಇಂಥ ಡಯಲುಗಳಲ್ಲಿ ಹಲವು ಎನಾಮೆಲಿನವು. ತಾಮ್ರದ ತೆಳು ತಗಡಿನ ಮೇಲೆ ಗಾಜಿನ ಪುಡಿಯನ್ನು ಹರಡಿ, ಕುಲುಮೆಯಲ್ಲಿ ಕರಗಿಸಿ ಪಡೆಯುವ ಹೊಳಪಿನ ಪದರವೇ ಎನಾಮೆಲ್. ತಗಡು ಬಾಗದಂತೆ ಹಿಂಬದಿಗೂ ಅದನ್ನು ಬಳಿಯುವುದು ವಾಡಿಕೆ. ಭೂತಗನ್ನಡಿ ಹಿಡಿದು ನೋಡಿದಾಗ ಕೂದಲೆಳೆಯ ಬಿರುಕು ಅಕ್ಷರವನ್ನೂ ಸೀಳಿಕೊಂಡು ಹೋಗಿದ್ದರೆ, ಬರಹ ಬಿರುಕಿಗಿಂತ ಹಳೆಯದು. ಬಣ್ಣವು ಬಿರುಕಿನ ಮೇಲೆ ಹರಿದು ಅದರೊಳಗೆ ಇಳಿದಿದ್ದರೆ, ತಯಾರಕನ ಹೆಸರೆಂದು ಕಾಣುವ ಆ ಬರಹವನ್ನು ಯಾರೋ ನಂತರ ಸೇರಿಸಿರಬೇಕು.

ಆರೈಕೆಯಲ್ಲಿ ಸಂಯಮವೇ ಮುಖ್ಯ. ಧೂಳನ್ನು ಮೆತ್ತನೆಯ ಒಣ ಕುಂಚದಿಂದ ತೆಗೆದರೆ ಸಾಕು. ಬಿರುಕುಗಳಿಗೆ ನೀರು ಇಳಿಯಗೊಡಬಾರದು. ಚಿನ್ನದ ಚಿತ್ತಾರವನ್ನು ಉಜ್ಜಿದರೆ ಅದು ಸವೆದುಹೋಗುತ್ತದೆ. ಹಿಂದೆ ಯಾರಾದರೂ ಮೇಣದಿಂದ ಅಥವಾ ಅಂಟಿನಿಂದ ಮಾಡಿದ ದುರಸ್ತಿ ಸ್ಪಿರಿಟ್ ತಾಗಿದರೆ ಕರಗಬಹುದು. ಬಿರುಕುಗಳನ್ನೆಲ್ಲ ಮುಚ್ಚಿ ಹೊಸದರಂತೆ ಮಾಡಿಸುವ ಆಸೆಗೆ ಬಿದ್ದರೆ ಕಾಲನಿರ್ಣಯದ ಆಧಾರವೇ ಅಳಿಸಿಹೋಗುತ್ತದೆ. ಹೆಚ್ಚಿನ ಹಾನಿ ಕಾಣಸಿಗುವುದು ಕೀಲಿ ಕೊಡುವ ರಂಧ್ರಗಳ ಅಂಚಿನಲ್ಲಿ. ಅಳತೆಗೆ ಹೊಂದದ ಕೀಲಿ ಜಾರಿದಾಗಲೆಲ್ಲ ಅಲ್ಲಿನ ಎನಾಮೆಲ್ ಚಕ್ಕೆಯೇಳುವುದರಿಂದ, ಸ್ಪ್ರಿಂಗ್ ಸುತ್ತುವ ಚೌಕದ ಕಂಬಿಗೆ ಬಿಗಿಯಾಗಿ ಕೂರುವ ಕೀಲಿಯನ್ನೇ ಬಳಸಬೇಕು.