ಡ್ರಸೀನದ ಎಲೆತುದಿ ಕಂದುವುದೇಕೆ?

ಡ್ರಸೀನ ದೀರ್ಘಾಯುಷಿ. ತವರಿನಿಂದ ತಂದ ತುಂಡೊಂದು ಪಡಸಾಲೆಯ ಮೂಲೆಯಲ್ಲಿ ಚಿಗುರಿ, ಮಕ್ಕಳೊಡನೆ ಬೆಳೆದು, ಮನೆಯವರಲ್ಲಿ ಒಂದಾಗಿಬಿಡುತ್ತದೆ. ಅಂಥ ಗಿಡದ ಎಲೆಗಳು ತುದಿಯಿಂದ ಕಂದಿ ಗರಿಗರಿಯಾಗತೊಡಗಿದಾಗ, ನೀರು ಸಾಲದೆಂದು ಮತ್ತೊಂದು ಚೆಂಬು ಸುರಿಯುವುದು ರೂಢಿ. ರಾಯದುರ್ಗ, ಮಡಕಶಿರಾ ಸೀಮೆಯಲ್ಲಾದರೆ ಆ ನೀರನ್ನೇ ಸಂದೇಹಿಸಬೇಕಾಗುತ್ತದೆ.

ಮೊದಲು ಎಲೆಯನ್ನು ನೋಡಬೇಕು. ಬುಡದ ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರಿದರೆ ಅದು ವಯೋಧರ್ಮ. ಕಾಂಡದ ಬುಡ ಮೆತ್ತಗಾಗಿ ಮಣ್ಣು ದುರ್ವಾಸನೆ ಬೀರಿದರೆ ಬೇರು ಕೊಳೆತಿದೆ. ತುದಿ, ಅಂಚು ಮಾತ್ರ ಸುಟ್ಟಂತಾಗಿ, ಕುಂಡದ ಬಾಯಿಯ ಸುತ್ತ ಬಿಳಿಯ ಉಪ್ಪು ಕಟ್ಟಿದ್ದರೆ ಕೊಳವೆ ಬಾವಿಯ ನೀರಿನತ್ತ ಗಮನ ಹರಿಸಬೇಕು.

ಅನಂತಪುರ ಸೀಮೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. (ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು; ನೆಲದಡಿಯ ಬಂಡೆಗೆ ಅದರ ಪರಿವೆಯಿಲ್ಲ.) ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಅಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಬೇರು ಹೀರಿದ ಈ ಅಂಶ ನೀರಿನೊಡನೆ ಎಲೆಗೇರುತ್ತದೆ. ನೀರು ಆವಿಯಾಗಿ ಹೋದರೂ ತಾನು ತುದಿಯಲ್ಲಿ ಉಳಿದು, ದಿನದಿನಕ್ಕೆ ಹೆಚ್ಚಿ, ಅಲ್ಲಿನ ಜೀವಕೋಶಗಳನ್ನು ಕೊಲ್ಲುತ್ತದೆ. ಡ್ರಸೀನ, ಸ್ಪೈಡರ್ ಪ್ಲಾಂಟ್ ಮೊದಲಾದವು ಇದನ್ನು ಅಲ್ಪ ಪ್ರಮಾಣದಲ್ಲಿಯೂ ಸಹಿಸಲಾರವು.

ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಬತ್ತಿದಷ್ಟೂ ಗಾಢವಾಗುತ್ತದೆ. ಶುದ್ಧೀಕರಣ ಯಂತ್ರ ಹೊರಹಾಕಿದ ನೀರು ದಂಡವಾಗದಿರಲೆಂದು ಕುಂಡಗಳಿಗೆ ಸುರಿಯುವುದು ಬರದ ಸೀಮೆಯಲ್ಲಿ ಸಹಜವೇ. ಆದರೆ ಯಂತ್ರ ತಡೆದ ಲವಣವೆಲ್ಲ ಅದರಲ್ಲಿಯೇ ಇರುತ್ತದೆ. ಆ ನೀರು ನೆಲ ಒರೆಸಲಿಕ್ಕೆ ಇರಲಿ. ಶೇಂಗಾ ಹೊಲಕ್ಕೆಂದು ತಂದ ಸೂಪರ್ ಫಾಸ್ಫೇಟನ್ನೂ ಈ ಗಿಡಕ್ಕೆ ಹಾಕಬಾರದು. ಅದರಲ್ಲಿಯೂ ಫ್ಲೋರೈಡ್ ಉಂಟು.

ಗಿಡಕ್ಕೆ ಮಳೆನೀರೇ ಪಥ್ಯ. ತಾರಸಿಯ ನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿದಿಡಬಹುದು. ಅದು ಮುಗಿದಾಗ ಶುದ್ಧೀಕರಿಸಿದ ನೀರು, ಅದೂ ಮೇಲ್ಮಣ್ಣು ಒಣಗಿದ ಮೇಲೆ. ಒಳ್ಳೆಯ ಮಳೆ ಬಂದ ದಿನ ಕುಂಡವನ್ನು ಹೊರಗಿಟ್ಟು, ನೀರು ತಳದ ತೂತಿನಿಂದ ಧಾರಾಳವಾಗಿ ಹರಿಯಗೊಟ್ಟರೆ ಕೂಡಿಬಿದ್ದ ಲವಣ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಕಂದಿದ ಭಾಗ ಮರಳಿ ಹಸಿರಾಗದು. ಅದನ್ನು ಕತ್ತರಿಸುವಾಗ ಹಸಿರಿಗೆ ಗಾಯವಾಗದಂತೆ ಕಂದಿನ ಎಳೆಯಷ್ಟು ಅಂಚನ್ನು ಉಳಿಸಬೇಕು. ಚಿಕಿತ್ಸೆ ಫಲಿಸಿತೇ ಎಂಬುದನ್ನು ಮುಂದೆ ಬರುವ ಹೊಸ ಎಲೆಗಳು ಹೇಳುತ್ತವೆ.

ಎಲೆ ಕಂದಿದ ಮಾತ್ರಕ್ಕೆ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ನಿರ್ಧರಿಸಲಾಗದು. ಆದರೂ ಮನೆಮಂದಿ ಅದೇ ಬಾವಿಯ ನೀರನ್ನು ಕುಡಿಯುತ್ತಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ಸಿಗದಲ್ಲಿ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೂ ಕಂದು ಕಲೆ ಮೂಡಬಹುದು.